ಮೆಕೆಂಜಿ: ಒಂದು ಮನೆತನದ ಹೆಸರು ನಡೆದ ದಾರಿ

(ರೆನ್ನಿಂಗೆನ್‌ನಲ್ಲಿ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕರ್ನಾಟಕದ ಚರಿತ್ರೆಯನ್ನು ಓದಿದವರೆಲ್ಲರಿಗೂ ಪರಿಚಿತವಾದ ಒಂದು ಸ್ಕಾಟಿಷ್ ಮನೆತನದ ಹೆಸರಿದೆ: ಮೆಕೆಂಜಿ. ನಮ್ಮ ಹಳ್ಳಿಗಳ ಕೈಫಿಯತ್ತುಗಳು, ಶಾಸನಗಳ ಪ್ರತಿಗಳು, ಓಲೆಗರಿಗಳು, ನಕಾಶೆಗಳು ಸಾವಿರಾರು ಸಂಖ್ಯೆಯಲ್ಲಿ ಈ ಒಂದೇ ಹೆಸರಿನ ಕೆಳಗೆ ಸೇರಿವೆ. ಆ ಹೆಸರು ಎಲ್ಲಿಂದ ಹೊರಟಿತು, ಯಾವ ಬಲದಿಂದ ನಮ್ಮಲ್ಲಿಗೆ ಬಂತು, ಬಂದ ಮೇಲೆ ಯಾರ ಹೆಸರುಗಳನ್ನು ಮರೆಗೆ ಸರಿಸಿತು ಎಂಬುದನ್ನು ಇಂದು ವಿಚಾರಿಸೋಣ.

ಗೇಲಿಕ್ ಭಾಷೆಯಲ್ಲಿ ಇದರ ರೂಪ 'ಮಕ್ ಕೊಯಿನ್ಯಿಖ್' ಎಂಬುದಕ್ಕೆ ಹತ್ತಿರ. ಕೊಯಿನ್ಯಖ್ ಎಂಬವನ ಮಗ ಎಂದು ಅರ್ಥ. ಹಳೆಯ ಸ್ಕಾಟ್ಸ್ ಬರಹದಲ್ಲಿ 'ಯೋಗ್' ಎಂಬ ಅಕ್ಷರವಿತ್ತು. ಅಚ್ಚುಮೊಳೆಗಳಲ್ಲಿ ಅದು ಇಲ್ಲದಿದ್ದುದರಿಂದ ಮುದ್ರಕರು ಅದರಂತೆಯೇ ಕಾಣುವ 'ಝಡ್' ಮೊಳೆಯನ್ನು ಜೋಡಿಸಿದರು. ಕಾಲಕ್ರಮದಲ್ಲಿ ಓದುವವರು ಅಚ್ಚಿನಲ್ಲಿ ಕಂಡದ್ದನ್ನೇ ಉಚ್ಚರಿಸತೊಡಗಿದರು. ನಾವು 'ಜಿ' ಎಂದು ಹೇಳುವ ಕೊನೆಯ ಅಕ್ಷರ ಹೀಗೆ ಮುದ್ರಣಾಲಯದ ಕೊಡುಗೆ. ಪ್ರಾಚೀನವೆಂದು ಹೆಮ್ಮೆಪಡುವ ಹೆಸರುಗಳಲ್ಲೂ ಇಂಥ ಆಕಸ್ಮಿಕಗಳಿರುತ್ತವೆ.

ಕುಲದ ಹೆಸರು ರಕ್ತಸಂಬಂಧದ ಗುರುತು ಮಾತ್ರವೂ ಅಲ್ಲ. ಸ್ಕಾಟ್ಲೆಂಡಿನ ಗುಡ್ಡನಾಡಿನಲ್ಲಿ ನಾಯಕನ ಭೂಮಿಯನ್ನು ಉಳುವವರು, ಅವನ ಆಶ್ರಯ ಬೇಡಿದವರು ಅವನ ಹೆಸರನ್ನೇ ಇಟ್ಟುಕೊಳ್ಳುವುದು ವಾಡಿಕೆಯಾಗಿತ್ತು. ಆದ್ದರಿಂದ ಹೆಸರು ಹರಡಿತೆಂದರೆ ಅಧಿಕಾರವೂ ಹರಡಿತೆಂದೇ ಅರ್ಥ. ಪಶ್ಚಿಮ ಕರಾವಳಿಯ ಕಿಂಟೇಲ್ ಪ್ರದೇಶದ ಮೆಕೆಂಜಿಗಳು 1610ರ ಹೊತ್ತಿಗೆ ಮೆಕ್ಲಿಯೋಡರಿಂದ ಲೂಯಿಸ್ ದ್ವೀಪವನ್ನು ಕಿತ್ತುಕೊಂಡರು. ಮುಂದೆ ಅವರ ನಾಯಕರು ಸೀಫೋರ್ತಿನ ಅರ್ಲ್ ಎಂಬ ಪದವಿಗೇರಿದರು. 1778ರಲ್ಲಿ ಆ ಮನೆತನದ ಅರ್ಲ್ ಒಂದು ಸೇನಾದಳವನ್ನೇ ಕಟ್ಟಿದ. ಆ ದಳ ಕೆಲವೇ ವರ್ಷಗಳಲ್ಲಿ ಮದರಾಸಿಗೆ ಬಂದು ಮೈಸೂರಿನ ವಿರುದ್ಧದ ಯುದ್ಧಗಳಲ್ಲಿ ಕಾದಿತು.

ಅದೇ ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನಲ್ಲಿ 1754ರ ಸುಮಾರಿಗೆ ಹುಟ್ಟಿದವನು ಕಾಲಿನ್ ಮೆಕೆಂಜಿ. 1783ರಲ್ಲಿ ಕಂಪನಿಯ ಸೇವೆಗೆ ಮದರಾಸಿಗೆ ಬಂದ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರನಾಗಿದ್ದ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ಅವನೇ ಮುಖ್ಯಸ್ಥನಾದ; 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅದೇ ಸ್ಟಾರ್ನೊವೇಯಲ್ಲಿ ಹುಟ್ಟಿದ ಅಲೆಕ್ಸಾಂಡರ್ ಮೆಕೆಂಜಿಯ ಹೆಸರು ಇಂದು ಕೆನಡಾದ ಮಹಾನದಿಯೊಂದಕ್ಕಿದೆ. ಆ ನದಿಗೆ ಅಲ್ಲಿನ ಮೂಲನಿವಾಸಿಗಳು ಇಟ್ಟ ಹೆಸರುಗಳು ಮೊದಲೇ ಇದ್ದವೆಂಬುದನ್ನು ನಾವು ಮರೆಯಬಾರದು.

ಆದರೆ ಹೆಸರಿನ ಈ ಪಯಣ ದಿಗ್ವಿಜಯದ ಕಥೆ ಮಾತ್ರವಲ್ಲ. ಸೀಫೋರ್ತ್ ಮನೆತನ 1844ರಲ್ಲಿ ಲೂಯಿಸನ್ನು ಜೇಮ್ಸ್ ಮ್ಯಾಥೆಸನ್ನನಿಗೆ ಮಾರಿತು. ಅವನ ಸಂಪತ್ತು ಚೀನಾದ ಅಫೀಮು ವ್ಯಾಪಾರದಲ್ಲಿ ಬೆಳೆದದ್ದು. ಬರಗಾಲದ ಬೆನ್ನಿಗೇ, 1850ರ ದಶಕದ ಮೊದಲ ವರ್ಷಗಳಲ್ಲಿ, ದ್ವೀಪದ ಎರಡು ಸಾವಿರಕ್ಕೂ ಹೆಚ್ಚು ಬಡ ಒಕ್ಕಲುಗಳು ಕೆನಡಾಕ್ಕೆ ಸಾಗಿಸಲ್ಪಟ್ಟರು. ಸೇನೆಯೊಂದಿಗೆ ಹೊರಟವರ ದಾರಿಯೂ ನೆಲ ಕಳೆದುಕೊಂಡು ಹೊರಟವರ ದಾರಿಯೂ ಒಂದೇ ಅಲ್ಲ. ವಲಸೆ ಎಂಬ ಒಂದೇ ಪದದಲ್ಲಿ ಈ ಎರಡನ್ನೂ ಸೇರಿಸಿಬಿಡುವುದು ಚರಿತ್ರೆಗೆ ಮಾಡುವ ಅನ್ಯಾಯ.

ಈಗ ಸಂಗ್ರಹಕ್ಕೆ ಬರೋಣ. ಕಾಲಿನ್ ಮೆಕೆಂಜಿಗೆ ನಮ್ಮ ಭಾಷೆಗಳ ಮೇಲೆ ಪ್ರಭುತ್ವವಿರಲಿಲ್ಲ. ಊರೂರು ಅಲೆದು ಶಾನುಭೋಗರ ಕಡತಗಳನ್ನು ತೆಗೆಸಿದವರು, ಹಿರಿಯರ ಬಾಯಿಂದ ಕೇಳಿ ಬರೆದುಕೊಂಡವರು ಅವನ ಸಹಾಯಕರು. ತೆಲುಗು ನಾಡಿನ ಕಾವಲಿ ಸೋದರರಲ್ಲಿ ವೆಂಕಟ ಬೊರ್ರಯ್ಯ 1803ರಲ್ಲಿ ತೀರಿಕೊಂಡ. ತಮ್ಮ ಲಕ್ಷ್ಮಯ್ಯ ಆ ಹೊಣೆ ಹೊತ್ತ. ಹಳಗನ್ನಡ ಶಾಸನಗಳನ್ನು ಓದಿ ತಿಳಿಸಿದವನು ಮೈಸೂರು ಸೀಮೆಯ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. 1816ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಕೆಂಪಂಗಿಯ ಮೆಕೆಂಜಿ ನಡುವೆ ನಿಂತಿದ್ದಾನೆ, ಸಹಾಯಕರು ಅಕ್ಕಪಕ್ಕದಲ್ಲಿದ್ದಾರೆ. 1821ರಲ್ಲಿ ಅವನು ಸತ್ತಾಗ ಕಂಪನಿ ಅವನ ವಿಧವೆಗೆ ಒಂದು ಲಕ್ಷ ರೂಪಾಯಿ ಕೊಟ್ಟು ಸಂಗ್ರಹವನ್ನು ಕೊಂಡಿತು. ಕೆಲಸವನ್ನು ಮುಂದುವರಿಸಲು ಅವಕಾಶ ಕೊಡಿ ಎಂದು ಲಕ್ಷ್ಮಯ್ಯ 1830ರ ದಶಕದಲ್ಲಿ ಮನವಿ ಮಾಡಿಕೊಂಡ. ಇಂಥ ಕಾರ್ಯಕ್ಕೆ ಮೇಲಿನಿಂದ ನಡೆಸುವ ತಲೆಯೊಂದು ಬೇಕು, ಅದು ದೇಶೀಯನಿಂದ ಆಗದು ಎಂಬ ಧಾಟಿಯಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ತಳ್ಳಿಹಾಕಿದ. ಇಪ್ಪತ್ತೈದು ವರ್ಷಗಳಿಗೂ ಮೀರಿ ದುಡಿದ ಕುಟುಂಬವೊಂದನ್ನು ಅದೇ ಜ್ಞಾನದ ಬಾಗಿಲಲ್ಲಿ ತಡೆದು ನಿಲ್ಲಿಸಲಾಯಿತು.

ಈ ಸಾಲುಸಾಲು ಕಡತಗಳಿಂದ ಕನ್ನಡದ ಕೈಫಿಯತ್ತುಗಳನ್ನು ಹೆಕ್ಕಿ ಸಂಪಾದಿಸಿ ನಮಗೆ ಮರಳಿ ಕೊಟ್ಟವರು ಎಂ. ಎಂ. ಕಲಬುರ್ಗಿಯವರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. ಊರ ಹೆಸರು, ಜನರ ಹೆಸರುಗಳ ಬೇರು ಹುಡುಕುವುದು ಅವರ ಆಜೀವ ಆಸಕ್ತಿಗಳಲ್ಲೊಂದು. ಮಲ್ಲೇಶಪ್ಪ ತನ್ನ ಹೆಸರು, ಮಡಿವಾಳಪ್ಪ ತಂದೆಯದು, ಕಲಬುರ್ಗಿ ಊರಿನದು: ಆ ಹೆಸರಿನಲ್ಲೇ ಉತ್ತರ ಕರ್ನಾಟಕದ ಒಂದು ಪದ್ಧತಿ ಅಡಗಿದೆ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಮೂಲಗಳನ್ನು ಹುಡುಕುವ ಕೆಲಸ ನಿರಪಾಯದ ಹವ್ಯಾಸವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೊನೆಯದಾಗಿ ನಮ್ಮ ಮಾತು. ನಮ್ಮಲ್ಲಿ ಅನೇಕರು ಮನೆತನದ ಹೆಸರಿಲ್ಲದೆ, ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೊಂದಿಗೆ ಈ ದೇಶಕ್ಕೆ ಬಂದವರು. ಇಲ್ಲಿಯ ಅರ್ಜಿಗಳಲ್ಲಿ 'ಫಮೀಲಿಯೆನ್‌ನಾಮೆ' ಎಂಬ ಮನೆ ಖಾಲಿ ಬಿಡುವಂತಿಲ್ಲ. ಆಗ ಕೆಲವರು ತಂದೆಯ ಹೆಸರನ್ನು ತುಂಬುತ್ತಾರೆ, ಕೆಲವರು ಊರನ್ನು. ಇನ್ನು ಕೆಲವರು ಊರಿನಲ್ಲಿ ಬಿಟ್ಟಿದ್ದ ಜಾತಿಯ ಹೆಸರನ್ನು ಇಲ್ಲಿ ಮತ್ತೆ ಎತ್ತಿಕೊಳ್ಳುತ್ತಾರೆ. ಜರ್ಮನ್ ಕಿವಿಗೆ ಅದು ಬರಿಯ ಸದ್ದು. ಪಕ್ಕದಲ್ಲಿ ಕುಳಿತ ಕನ್ನಡಿಗನಿಗೆ ಹಾಗಲ್ಲ: ಮೇಲಿನವನಿಗೆ ಅದು ಆಹ್ವಾನ, ಕೆಳಗೆ ತಳ್ಳಲ್ಪಟ್ಟವನಿಗೆ ಎಚ್ಚರಿಕೆ. ಹೆಸರು ಮಕ್ಕಳಿಗೆ ದಾಟುತ್ತದೆ, ಅದರ ಅರ್ಥ ತಿಳಿಯದಿದ್ದರೂ ಅದರ ಸವಲತ್ತು ದಾಟುತ್ತದೆ.

ಇಲ್ಲಿಯ ಪೌರತ್ವ ಪಡೆದು ಜರ್ಮನ್ ಹೆಸರಿನ ಕಾನೂನಿಗೆ ಒಳಪಡುವವರಿಗೆ ತಮ್ಮ ಹೆಸರುಗಳಲ್ಲಿ ಯಾವುದು ಮನೆತನದ ಹೆಸರಾಗಬೇಕೆಂದು ಘೋಷಿಸುವ ಅವಕಾಶವಿದೆ. ಅದನ್ನು ಗುಮಾಸ್ತರ ಅವಸರಕ್ಕೆ ಬಿಟ್ಟುಕೊಡದೆ ಯೋಚಿಸಿ ಬಳಸೋಣ. ಜೊತೆಗೆ, ನಮ್ಮ ನಮ್ಮ ಮನೆಗಳ ಕೈಫಿಯತ್ತನ್ನು ನಾವೇ ಬರೆಯೋಣ: ಹೆಸರು ಎಲ್ಲಿಂದ ಬಂತು, ಆ ಊರಿನಲ್ಲಿ ನೆಲ ಯಾರದ್ದಾಗಿತ್ತು, ಆ ನೆಲದಲ್ಲಿ ದುಡಿದವರು ಯಾರು, ಅವರ ಹೆಸರೇನು. ಧರ್ಮಯ್ಯನ ಹೆಸರನ್ನು ನೆನೆಯುವವರು ಆ ಕೊನೆಯ ಪ್ರಶ್ನೆಗೆ ಉತ್ತರ ಬರೆಯದೆ ಪುಟ ಮುಗಿಸಲಾಗದು.