ಹತ್ತು ಕುದುರೆಯ ದೋಣಿ

(ದ್ವಾರಕೆಯ ಕನ್ನಡ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ತುಸು ಹಿಂಜರಿದೆವು. ನಾವು ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ. ಸಾಹಿತ್ಯದ ಮೇಲೆ ಮಾತನಾಡುವ ಯೋಗ್ಯತೆ ನಮಗಿಲ್ಲ. "ನಿಮಗೆ ತಿಳಿದುದನ್ನೇ ಹೇಳಿ" ಎಂದರು. ನಮಗೆ ತಿಳಿದಿರುವುದು ಎರಡೇ ವಿಷಯ: ಒಂದು ಲೆಕ್ಕ, ಇನ್ನೊಂದು ದೋಣಿ. ಆದುದರಿಂದ ದೋಣಿಯ ಲೆಕ್ಕವನ್ನೇ ತಮ್ಮ ಮುಂದೆ ಇಡುತ್ತೇವೆ.

ಕೃಷ್ಣನ ದ್ವಾರಕೆಗೆ ಕಡಲಿತ್ತು. ನಮ್ಮ ದ್ವಾರಕೆಗೆ ಮೆಟ್ರೋ ಇದೆ, ಕಡಲಿಲ್ಲ. ಇಲ್ಲಿ ದೋಣಿಯ ಮಾತೇಕೆ ಎಂದು ತಾವು ಕೇಳಬಹುದು. 1956ರ ನವೆಂಬರ್ 1ರಂದು ಮದರಾಸಿನಿಂದ ದಕ್ಷಿಣ ಕನ್ನಡವೂ ಮುಂಬಯಿಯಿಂದ ಉತ್ತರ ಕನ್ನಡವೂ ಬಂದು ಸೇರಿದುದರಿಂದಲ್ಲವೆ ನಮ್ಮ ರಾಜ್ಯಕ್ಕೆ ಕಡಲು ದೊರೆತದ್ದು? ರಾಜ್ಯೋತ್ಸವದ ದಿನ ಆ ಕಡಲನ್ನು ಒಮ್ಮೆ ನೆನೆಯುವುದು ತಪ್ಪಲ್ಲ. ಮೇಲಾಗಿ 2023ರ ಜುಲೈಯಲ್ಲಿ ಯಮುನೆ 208.66 ಮೀಟರಿನವರೆಗೆ ಏರಿದಾಗ ದಿಲ್ಲಿಯ ತಗ್ಗು ಬಡಾವಣೆಗಳಲ್ಲಿ ರಬ್ಬರ್ ದೋಣಿಗಳು ಓಡಾಡಿದುದನ್ನು ನಾವೆಲ್ಲರೂ ಕಂಡಿದ್ದೇವೆ. ಅಂಥ ದೋಣಿಯ ಹಿಂಬದಿಗೆ ತಗಲಿಸುವ ಯಂತ್ರಕ್ಕೆ ಔಟ್‌ಬೋರ್ಡ್ ಇಂಜಿನ್ ಎಂದು ಹೆಸರು.

ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ಈ ಯಂತ್ರವನ್ನು ಮಾರಾಟಕ್ಕೆ ತಂದ. ಪ್ರೇಯಸಿಗೆಂದು ಐಸ್‌ಕ್ರೀಂ ತರಲು ಹೋಗಿ, ಹುಟ್ಟು ಹಾಕಿಕೊಂಡು ಬರುವಷ್ಟರಲ್ಲಿ ಅದು ಕರಗಿಹೋದ ಬೇಸರದಿಂದ ಈ ಯೋಚನೆ ಹುಟ್ಟಿತೆಂದು ಒಂದು ಕಥೆಯಿದೆ. ಇಂದು ಅದೇ ದೇಶದಲ್ಲಿ ಬಾಸ್ ಎಂಬ ಮೀನಿಗೆ ಗಾಳ ಹಾಕುವ ಹವ್ಯಾಸಿಗಳು ಪುಟ್ಟ ದೋಣಿಗೆ 200, 250 ಅಶ್ವಶಕ್ತಿಯ ಯಂತ್ರ ಕಟ್ಟಿ ಗಂಟೆಗೆ 100 ಕಿಲೋಮೀಟರ್ ಮೀರಿ ಓಡುತ್ತಾರೆ. ಅದೂ ಸಾಲದೆಂದು ಇನ್ನೂ ಎರಡು ಮೈಲಿ ಹೆಚ್ಚಿಸುವ ಉಪಾಯ ಹುಡುಕುತ್ತಾರೆ. ಅವರಿಗೆ ಅದು ವಿನೋದ. ನಮ್ಮ ಕರಾವಳಿಯವರಿಗೆ ಅದೇ ಪ್ರಶ್ನೆ ಅನ್ನದ ಪ್ರಶ್ನೆ. ಕೆಲವೊಮ್ಮೆ ಪ್ರಾಣದ ಪ್ರಶ್ನೆ.

ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹತ್ತು ಅಶ್ವಶಕ್ತಿಯೊಳಗಿನ ಯಂತ್ರವಿರುವ ನಾಡದೋಣಿಗೆ ಮಾತ್ರ ಅನುಮತಿ. ಬೂತಾಯಿ, ಬಂಗುಡೆ, ಸಿಗಡಿ ದಡದ ಹತ್ತಿರ ಬರುವ ಆ ದಿನಗಳೇ ನಾಡದೋಣಿಯವರ ಸುಗ್ಗಿ. ಆದರೆ ಕಡಲು ಕುದಿಯುವ ಕಾಲವೂ ಅದೇ. ಹೀಗಿರುವಾಗ ವೇಗ ಬೇಕೆಂದರೆ ಕುದುರೆಗಳ ಸಂಖ್ಯೆ ಹೆಚ್ಚಿಸುವ ದಾರಿ ಮುಚ್ಚಿದೆ. ಇರುವ ಹತ್ತು ಕುದುರೆಗಳಿಂದಲೇ ಕೆಲಸ ತೆಗೆಯಬೇಕು.

ನಮ್ಮ ಸೋದರಮಾವನವರು ಗಂಗೊಳ್ಳಿಯ ಕಡೆ ನಾಡದೋಣಿಯ ತಾಂಡೇಲರು. ಐದು ಹೊಳೆಗಳು ಕೂಡಿ ಕಡಲು ಸೇರುವ ಅಳಿವೆ ಅಲ್ಲಿಯದು. ಕೆಲವು ವರ್ಷಗಳ ಕೆಳಗೆ ಅವರು ಫೋನಿನಲ್ಲಿ, ದೋಣಿ ನಿಧಾನವಾಯಿತು, ಮೀನಿನ ಹಿಂಡಿನ ಬಳಿಗೆ ತಲುಪುವಷ್ಟರಲ್ಲಿ ಬೇರೆಯವರು ಬಲೆ ಬಿಟ್ಟಿರುತ್ತಾರೆ ಎಂದರು. ನಾವು ದಿಲ್ಲಿಯಲ್ಲಿ ಕುಳಿತೇ ಬುದ್ಧಿವಂತಿಕೆ ತೋರಿಸಿದೆವು. ಯಂತ್ರದ ಫ್ಯಾನು, ಎಂದರೆ ನೀರನ್ನು ಹಿಂದಕ್ಕೆ ತಳ್ಳುವ ಪ್ರೊಪೆಲ್ಲರು, ದೊಡ್ಡದಾದರೆ ಓಟವೂ ಹೆಚ್ಚೀತೆಂದು ಎಣಿಸಿ, ಒಂಬತ್ತು ಅಂಗುಲ ಪಿಚ್ಚಿನದನ್ನು ತೆಗೆದು ಹನ್ನೊಂದರದನ್ನು ಹಾಕಿಸಿ ಎಂದು ಹಣ ಕಳುಹಿಸಿದೆವು. ಮಾವನವರು ಅಳಿಯನ ಮಾತೆಂದು ಹಾಕಿಸಿದರು.

ಆ ಆಷಾಢದಲ್ಲಿ ಒಂದು ಸಂಜೆ, ತುಂಬಿದ ದೋಣಿಯೊಡನೆ ಅಳಿವೆಯೊಳಗೆ ಬರುವಾಗ ಹಿಂದಿನ ಅಲೆ ಬಂದು ಹಿಡಿಯಿತು. ಯಂತ್ರ ಏದುಸಿರು ಬಿಡುತ್ತಿತ್ತೇ ಹೊರತು ಓಡಲಿಲ್ಲ. ದೋಣಿಯೊಳಗೆ ಮೊಣಕಾಲಿನವರೆಗೆ ನೀರು. ಬಲೆಯನ್ನು ಕಡಿದು ಕಡಲಿಗೆ ಬಿಟ್ಟು ಆರು ಜನ ದಡ ಸೇರಿದರು. ಬಲೆ ಹೋಯಿತು, ಬಲೆಯ ಮೇಲಿನ ಸಾಲ ಉಳಿಯಿತು. ನಾವು ರಜೆ ಹಾಕಿ ಊರಿಗೆ ಹೋದೆವು. ಮಾವನವರು ನಮ್ಮನ್ನು ಬೈಯಲಿಲ್ಲ. "ಹೋಪುದ್ ಯಾರಿಗೂ ಬತ್ತ್ ಮಾಣಿ, ತಿರ್ಗಿ ಬಪ್ಪುದ್ ಕಲೀಕ್" ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಆಮೇಲೆ ನಾವು ಮಾಡಬೇಕಾದುದನ್ನು ಮಾಡಿದೆವು, ಮೊದಲೇ ಮಾಡಬೇಕಾಗಿತ್ತು. ಲೆಕ್ಕ ಹಾಕಿದೆವು.

ಮೊದಲನೆಯ ಲೆಕ್ಕ ಶಕ್ತಿಯದು. ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಯಲ್ಲಿ ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ಅದನ್ನೇ ತಿರುಗಿಸಿ ನೋಡಿ: ಶಕ್ತಿಯನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿದರೂ ವೇಗ ಹೆಚ್ಚುವುದು ನೂರಕ್ಕೆ 26ರಷ್ಟೇ. ಎರಡರಷ್ಟು ಅಸಲು ಹೂಡಿ ಕಾಲುಭಾಗ ಲಾಭ ಪಡೆಯುವ ವ್ಯಾಪಾರ. ಕಾನೂನು ತಡೆಯದಿದ್ದರೂ ನಾವು ಆ ಸಾಲಕ್ಕೆ ಶಿಫಾರಸು ಮಾಡುತ್ತಿರಲಿಲ್ಲ.

ಎರಡನೆಯ ಲೆಕ್ಕ ಫ್ಯಾನಿನದು. ತಿರುಪು ಮೊಳೆ ಮರದೊಳಗೆ ಒಂದು ಸುತ್ತಿಗೆ ಇಷ್ಟು ಎಂದು ಮುಂದೆ ಹೋಗುವುದಷ್ಟೆ? ಫ್ಯಾನು ಒಂದು ಸುತ್ತಿಗೆ ಮುಂದೆ ಹೋಗಬೇಕಾದ ದೂರವೇ ಪಿಚ್ಚು. ಒಂಬತ್ತು ಅಂಗುಲದ ಫ್ಯಾನು ನಿಮಿಷಕ್ಕೆ 2500 ಸುತ್ತು ತಿರುಗಿದರೆ, ಕಾಗದದ ಮೇಲೆ ಗಂಟೆಗೆ 34 ಕಿಲೋಮೀಟರ್. ಆದರೆ ನೀರು ಮರವಲ್ಲ, ಜಾರುತ್ತದೆ. ಭಾರ ಹೊತ್ತ ದೋಣಿಗೆ ಅದರಲ್ಲಿ ಅರ್ಧ ದಕ್ಕುವುದೂ ಕಷ್ಟ. ಪಿಚ್ಚು ಹೆಚ್ಚಿಸಿದರೆ ಒಂದು ಸುತ್ತಿನ ಕೆಲಸ ಹೆಚ್ಚುತ್ತದೆ. ಯಂತ್ರಕ್ಕೆ ಅದು ಹೊರಲಾರದ ಹೊರೆಯಾದರೆ ಸುತ್ತುಗಳೇ ಕಡಿಮೆಯಾಗುತ್ತವೆ. ಸುತ್ತು ಕಡಿಮೆಯಾದರೆ ಹತ್ತು ಕುದುರೆಯಲ್ಲಿ ಎರಡು ಮೂರು ಲಾಯದಲ್ಲೇ ಉಳಿದ ಹಾಗೆ. ನಮ್ಮ ಉಡುಗೊರೆ ಮಾಡಿದ ಕೆಲಸ ಇದು.

ಮೆಕ್ಯಾನಿಕ್ ಒಬ್ಬರಿಂದ ಸುತ್ತು ಎಣಿಸುವ ಚಿಕ್ಕ ಮೀಟರು ತಂದು ಸ್ಪಾರ್ಕ್ ಪ್ಲಗ್ಗಿನ ತಂತಿಗೆ ಸುತ್ತಿದೆವು. ಕಂಪನಿಯ ಪುಸ್ತಕದಲ್ಲಿ ಪೂರ್ಣ ವೇಗಕ್ಕೆ 4500ರಿಂದ 5500 ಸುತ್ತು ಎಂದಿತ್ತು; ನಮ್ಮ ಯಂತ್ರ 4100ಕ್ಕೇ ನಿಂತಿತು. ಜಿ.ಪಿ.ಎಸ್. ಹಿಡಿದು ಹೊಳೆಯಲ್ಲಿ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಸರಾಸರಿ ತೆಗೆದೆವು. ಹರಿವಿನ ಲಾಭನಷ್ಟ ಹೀಗೆ ವಜಾ ಆಗುತ್ತದೆ. ಗಂಟೆಗೆ 12 ಕಿಲೋಮೀಟರ್ ಬಂತು.

ಬಳಿಕ ಒಂದೊಂದೇ ಬದಲಾವಣೆ. ಪ್ರತಿಯೊಂದಕ್ಕೂ ಮತ್ತೆ ಅಳತೆ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರ ಫಲ ಯಾವುದೆಂದು ತಿಳಿಯದು.

ಮೊದಲು ದೋಣಿ ಖಾಲಿ ಮಾಡಿದೆವು. ಹಳೆಯ ಹಗ್ಗ, ನೀರು ಕುಡಿದ ಹಲಗೆ, ಬಳಕೆಯಿಲ್ಲದ ಸರಪಳಿ, ಹೆಚ್ಚಿನ ಕ್ಯಾನುಗಳು, ಅಡಿಯಲ್ಲಿ ನಿಂತ ನೀರು: ತೂಗಿದರೆ ಎರಡು ಆಳಿನ ಭಾರ. ದಡಕ್ಕೆಳೆದು ಅಡಿಯ ಪಾಚಿ ಮತ್ತು ಕಡಲ ಚಿಪ್ಪನ್ನು ಕೆರೆದು ತೆಗೆದೆವು. ಇದಕ್ಕೆ ತಗಲಿದ ಖರ್ಚು ಒಂದು ದಿನದ ಚಹಾ. ವೇಗ 13 ಆಯಿತು.

ಎರಡನೆಯದು ಯಂತ್ರದ ಎತ್ತರ. ಫ್ಯಾನಿನ ಮೇಲೆ ಅಡ್ಡಲಾಗಿ ಒಂದು ತಟ್ಟೆಯಿರುತ್ತದೆ. ಅದು ದೋಣಿಯ ತಳದ ಮಟ್ಟಕ್ಕೆ ಸುಮಾರಾಗಿ ಸರಿಯಾಗಿರಬೇಕು. ನಮ್ಮದು ಬಹಳ ಕೆಳಗಿತ್ತು. ಯಂತ್ರದ ಕಾಲು ನೀರಿನಲ್ಲಿ ಸುಮ್ಮನೆ ಎಳೆದಾಡುತ್ತಿತ್ತು. ಮರದ ಪಟ್ಟಿ ಕೊಟ್ಟು ಒಂದೂವರೆ ಅಂಗುಲ ಎತ್ತಿದೆವು. ಇನ್ನೂ ಎತ್ತಿದರೆ ಫ್ಯಾನು ಗಾಳಿ ಹೀರಿ ವ್ಯರ್ಥವಾಗಿ ತಿರುಗುತ್ತದೆ, ತಂಪಿನ ನೀರು ಸಿಗದೆ ಯಂತ್ರ ಸುಡುತ್ತದೆ. ಮಳೆಗಾಲದ ಅಲೆಯಲ್ಲಂತೂ ಅದು ಅಪಾಯ. ಯಂತ್ರ ನಿಲ್ಲುವ ಓರೆಯನ್ನೂ ಸರಿಪಡಿಸಿದೆವು. ಮೂತಿ ಅಗೆಯದೆ, ಹಿಂಬದಿ ಕುಸಿಯದೆ ದೋಣಿ ಸಮನಾಗಿ ಹೋಗಬೇಕು. ವೇಗ ಹದಿಮೂರೂವರೆ.

ಕೊನೆಗೆ ನಮ್ಮ ಹನ್ನೊಂದರ ಫ್ಯಾನನ್ನು ಕಳಚಿ, ಅಂಚು ಮುಕ್ಕಾಗದ ಎಂಟರದನ್ನು ಹಾಕಿದೆವು. ಸುತ್ತು 4900ಕ್ಕೆ ಏರಿತು, ವೇಗ 15. ಚಿಕ್ಕ ಫ್ಯಾನಿನಿಂದ ದೊಡ್ಡ ಓಟ! ಮಾವನವರು ಮೀಟರನ್ನೂ ನಮ್ಮನ್ನೂ ಎರಡು ಸಲ ನೋಡಿದರು.

ಒಟ್ಟು ಹೆಚ್ಚಿದ್ದು ಮೂರೇ ಕಿಲೋಮೀಟರ್, ಎಂದರೆ ನೂರಕ್ಕೆ 25. ಅದರಲ್ಲಿ ಒಂದಂಶ ನಮ್ಮದೇ ತಪ್ಪನ್ನು ತಿದ್ದಿದ್ದು ಎಂಬುದನ್ನು ಒಪ್ಪಿಕೊಳ್ಳಬೇಕು. ಆದರೂ ಇಪ್ಪತ್ತು ಕುದುರೆ ಕೊಂಡಿದ್ದರೆ ಸಿಗುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ ಅಲ್ಲವೆ? ಹದಿನೈದು ಕಿಲೋಮೀಟರ್ ದೂರದ ಹಿಂಡಿಗೆ ಒಂದೂಕಾಲು ಗಂಟೆಯ ದಾರಿ ಒಂದು ಗಂಟೆಯದಾಯಿತು.

ಮೂರು ಕಿಲೋಮೀಟರ್ ಏನು ಮಹಾ ಎಂದು ನಗಬೇಡಿ. ಕೊನೆಯ ಲೆಕ್ಕ ಇನ್ನೂ ಇದೆ. ಆಳ ಕಡಿಮೆಯಾದಲ್ಲಿ ಅಲೆಯ ವೇಗ ಆಳವನ್ನೇ ಅವಲಂಬಿಸುತ್ತದೆ. ಅಳಿವೆಯ ಮರಳ ದಿಬ್ಬದ ಮೇಲೆ ನೀರು ಎರಡು ಮೀಟರಿದ್ದರೆ ಅಲೆ ಗಂಟೆಗೆ ಸುಮಾರು 16 ಕಿಲೋಮೀಟರಿನಂತೆ ಬರುತ್ತದೆ. ಬಲ್ಲ ತಾಂಡೇಲ ಮುಂದಿನ ಅಲೆಯನ್ನು ಹಾಯಲು ಹೋಗುವುದಿಲ್ಲ. ಅದರ ಬೆನ್ನ ಹಿಂದೆಯೇ ಒಳಗೆ ಬರುತ್ತಾನೆ. ಹಿಂದಿನ ಅಲೆ 40 ಮೀಟರ್ ದೂರದಲ್ಲಿದೆ ಎನ್ನಿ. ಹನ್ನೆರಡರ ವೇಗದ ದೋಣಿಯನ್ನು ಅದು 36 ಸೆಕೆಂಡಿನಲ್ಲಿ ಹಿಡಿಯುತ್ತದೆ. ಅಷ್ಟರಲ್ಲಿ ದೋಣಿ ಸಾಗಿರುವುದು 120 ಮೀಟರ್. ಹದಿನೈದರ ದೋಣಿಯನ್ನು ಹಿಡಿಯಲು 144 ಸೆಕೆಂಡು ಬೇಕು. ಅಷ್ಟರಲ್ಲಿ ದೋಣಿ 600 ಮೀಟರ್ ಬಂದು, ಅಳಿವೆ ದಾಟಿ ಹೊಳೆಯೊಳಗೆ ಇರುತ್ತದೆ. ಆ ಸಂಜೆ ಆರು ಜನರಿಗೆ ಕಡಿಮೆಯಾಗಿದ್ದುದು ಇದೇ ಮೂರು ಕಿಲೋಮೀಟರ್.

ಸಭಿಕರೇ, ವೇಗವೆಂದರೆ ಇನ್ನೊಬ್ಬರನ್ನು ಹಿಂದೆ ಹಾಕುವುದೆಂದು ನಾವು ತಿಳಿದಿದ್ದೆವು. ಮನೆಗೆ ಮರಳುವಾಗ ಕೈಯಲ್ಲಿ ಉಳಿದಿರಬೇಕಾದ ಶಿಲ್ಕು ಅದು ಎಂದು ಮಾವನವರ ದೋಣಿ ಕಲಿಸಿತು. ಆ ಶಿಲ್ಕನ್ನು ನಂಬಿ ಹವಾಮಾನದ ಎಚ್ಚರಿಕೆಯನ್ನು ಮೀರುವುದಾಗಲಿ, ಜೀವರಕ್ಷಕ ಜಾಕೀಟನ್ನು ದಡದಲ್ಲಿ ಬಿಟ್ಟು ಹೋಗುವುದಾಗಲಿ ಸಲ್ಲದು. ಯಾವ ಫ್ಯಾನೂ ಅದಕ್ಕೆ ಜಾಮೀನು ನಿಲ್ಲದು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇವೆ. ಊರು ಬಿಟ್ಟು ಬಂದ ನಮ್ಮಂಥವರು ಊರಿಗೆ ಹಣವನ್ನೂ ಸಲಹೆಯನ್ನೂ ಬೇಗ ಕಳುಹಿಸುತ್ತೇವೆ. ಎರಡನ್ನೂ ಕಳುಹಿಸುವ ಮೊದಲು ಒಮ್ಮೆ ಹೋಗಿ ದೋಣಿಯಲ್ಲಿ ಕುಳಿತು ಬರುವುದು ಒಳ್ಳೆಯದು. ಆ ಹನ್ನೊಂದು ಅಂಗುಲದ ಫ್ಯಾನು ಈಗ ದ್ವಾರಕೆಯ ನಮ್ಮ ಮನೆಯ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತಿದೆ. ತಾವು ಬಂದರೆ ತೋರಿಸುತ್ತೇವೆ.