ಗಣಕದ ಕೆಲಸಕ್ಕೆ ಯಾವ ಪದವಿ?

ನಾನು ಕನ್ನಡ ಪಂಡಿತ. ಸಂಧಿ ಸಮಾಸಗಳನ್ನು ಕೇಳಿದರೆ ಹೇಳಬಲ್ಲೆ. ಗಣಕಯಂತ್ರದ ಒಳಹೊರಗನ್ನು ಕೇಳಿದರೆ ತಡವರಿಸುವವನು. ಆದರೂ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರದಿಂದ ನಮ್ಮ ಮನೆಯ ಜಗಲಿ ಬರಿದಾಗುವುದಿಲ್ಲ. "ಮೇಷ್ಟ್ರೇ, ಕಂಪ್ಯೂಟರ್ ಕೆಲಸ ಸಿಗಬೇಕಾದರೆ ಏನು ಓದಿಸಲಿ?" ಎಂದು ಕೇಳುವವರು ಬಂದ ಮೇಲೆ ತಿಳಿದುಕೊಳ್ಳದೆ ನನಗೂ ಗತಿಯಿಲ್ಲ. ತಿಳಿದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಕಳೆದ ವರ್ಷ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಈಗ ದಿನಸಿ ಅಂಗಡಿ ಇಟ್ಟಿದ್ದಾನೆ. ಮಗಳಿಗೆ ಸಿ.ಇ.ಟಿ.ಯಲ್ಲಿ ಸರಕಾರಿ ಕಾಲೇಜಿನ ಎಲೆಕ್ಟ್ರಾನಿಕ್ಸ್ ಸೀಟು ದೊರೆಯುವಂತಿತ್ತು. ತಂದೆಗೆ ಅದು ಹಿಡಿಸಲಿಲ್ಲ. ಕಂಪ್ಯೂಟರ್ ಸೈನ್ಸ್ ಎಂಬ ಹೆಸರೇ ಬೇಕು; ಖಾಸಗಿ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳಲು ಮನೆಯನ್ನು ಅಡವಿಡುವುದಕ್ಕೂ ಸಿದ್ಧನಾಗಿದ್ದ. ಮಗಳು ಕಂಬಕ್ಕೊರಗಿ ನೆಲ ನೋಡುತ್ತಿದ್ದಳು.

"ಇನ್ಫೋಸಿಸ್ ನಾರಾಯಣಮೂರ್ತಿಯವರು 1967ರಲ್ಲಿ ಮೈಸೂರಿನಲ್ಲಿ ಪಡೆದದ್ದು ಎಲೆಕ್ಟ್ರಿಕಲ್ ಪದವಿ ಕಣಯ್ಯ" ಎಂದೆ. "ಆ ಕಾಲ ಬೇರೆ, ಮೇಷ್ಟ್ರೇ" ಎಂದ. ಅವನ ಮಾತು ನ್ಯಾಯವೇ. ಮಹನೀಯರ ಕಥೆಯಿಂದ ಸಾಲದ ಲೆಕ್ಕ ತೀರುವುದಿಲ್ಲ. ಆದ್ದರಿಂದ ಲೆಕ್ಕವನ್ನೇ ಹಿಡಿದೆವು. ಸಾಫ್ಟ್‌ವೇರ್ ಕಂಪನಿಗಳಲ್ಲಿ ಅನೇಕವು ಎಲೆಕ್ಟ್ರಾನಿಕ್ಸ್‌ನವರನ್ನೂ ಪರೀಕ್ಷೆಗೆ ಕೂರಿಸುತ್ತವೆ. ಪರೀಕ್ಷೆಯಲ್ಲಿ ನೋಡುವುದು ಲೆಕ್ಕವನ್ನು ಬಿಡಿಸುವ ಬಗೆ, ಪ್ರೋಗ್ರಾಂ ಬರೆಯುವ ಕೈ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್—ಈ ನಾಲ್ಕನ್ನು ಅವಳು ಹಟ ಹಿಡಿದು ಕಲಿಯಬಲ್ಲಳು. ಈಚೆಗೆ ಸಾಧಾರಣ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುತ್ತದೆಯಂತೆ. ಅದರ ತಪ್ಪು ಹಿಡಿಯುವ ಬುದ್ಧಿ ಪದವಿಯ ಹೆಸರಿನಿಂದ ಬರುವುದಿಲ್ಲ. ಸೀಟು ಕೊಳ್ಳಲೇಬೇಕೆನ್ನುವವರು ಆ ಕಾಲೇಜಿನ ಕಚೇರಿಯನ್ನಲ್ಲ, ಕೊನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳನ್ನು ಕಂಡು, ಎಷ್ಟು ಮಂದಿಗೆ ಎಂಥ ಕೆಲಸ ಸಿಕ್ಕಿತೆಂದು ಕೇಳಿ.

ಇನ್ನು ನನ್ನದೊಂದು ತಪ್ಪು. ಹಿಂದೊಮ್ಮೆ ವಾಣಿಜ್ಯ ಓದಿದ ಜಾಣ ಹುಡುಗನೊಬ್ಬನಿಗೆ "ವಿಜ್ಞಾನ ಓದದವನಿಗೆ ಆ ದಾರಿಯಿಲ್ಲ" ಎಂದುಬಿಟ್ಟೆ. ಬಿ.ಇ.ಗೆ ಭೌತಶಾಸ್ತ್ರ, ಗಣಿತ ಬೇಕೆಂಬುದು ದಿಟ. ಆದರೆ ಬಿ.ಸಿ.ಎ.ಗೆ ಕಲೆ, ವಾಣಿಜ್ಯದವರೂ ಸೇರಬಹುದು. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂದಿತ್ತು. 2024ರಿಂದ ಮತ್ತೆ ಮೂರು ವರ್ಷ. ಮೇಲೆ ಎಂ.ಸಿ.ಎ. ಎರಡು ವರ್ಷ. ಕೆಲವು ಕಂಪನಿಗಳು ಬಿ.ಇ. ಆದವರನ್ನೇ ಕೇಳುವುದುಂಟು, ಬಿ.ಸಿ.ಎ.ಯವರನ್ನು ತೆಗೆದುಕೊಂಡು ಕೆಲಸದ ಜೊತೆಗೆ ಮುಂದೆ ಓದಿಸುವವರೂ ಉಂಟು. ಆ ಹುಡುಗ ನನ್ನ ಮಾತು ನಂಬಿ ಬೇರೆ ದಾರಿ ಹಿಡಿದ. ಎದುರಾದರೆ ಈಗಲೂ ಕೈಮುಗಿಯುತ್ತಾನೆ, ನನಗೇ ಮುಖವೆತ್ತಲಾಗುವುದಿಲ್ಲ.

ಎಸ್.ಎಸ್.ಎಲ್.ಸಿ. ಆದ ಮೇಲೆ ಮೂರು ವರ್ಷ ಡಿಪ್ಲೊಮಾ ಓದಿ, ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಹೋಗುವ ದಾರಿಯೂ ಇದೆ. ಕೈಯಲ್ಲಿ ಹಣ ಕಡಿಮೆಯಿದ್ದವರು ಇದನ್ನು ಮರೆಯಬಾರದು.

ಅಂಗಡಿಯವನು ಮನೆಯನ್ನು ಅಡವಿಡಲಿಲ್ಲ. ಹುಡುಗಿ ಎಲೆಕ್ಟ್ರಾನಿಕ್ಸ್ ಸೇರಿದಳು. ಮೊನ್ನೆ ರಜೆಗೆ ಬಂದವಳು ಕನ್ನಡ ಪದಗಳನ್ನು ಕೂಡಿಸಿ ಸಂಧಿ ಮಾಡುವ ಪ್ರೋಗ್ರಾಂ ಒಂದನ್ನು ತೋರಿಸಿದಳು. ಸೂತ್ರ, ಸೂತ್ರಕ್ಕೆ ಅಪವಾದ, ಯಾವುದು ಮೊದಲು ಯಾವುದು ಅನಂತರ—ನೋಡಿದರೆ ನಮ್ಮ ವ್ಯಾಕರಣದ ಸಂಸಾರವೇ! 'ಊರು', 'ಅಲ್ಲಿ' ಕೊಟ್ಟಾಗ 'ಊರಲ್ಲಿ' ಎಂದು ಸರಿಯಾಗಿ ಬಂತು. 'ಮಳೆ', 'ಕಾಲ' ಕೊಟ್ಟೆ, 'ಮಳೆಕಾಲ' ಎಂದಿತು. "ಆದೇಶಸಂಧಿ ಬಿಟ್ಟುಹೋಗಿದೆಯಮ್ಮ" ಎಂದೆ. "ತಿದ್ದಿಕೊಂಡು ನಾಳೆ ಬರ್ತೀನಿ, ಮೇಷ್ಟ್ರೇ" ಎಂದು ಎದ್ದು ಹೊರಟಳು.