ಮಗುವಿನ ಆಗಮನಕ್ಕೊಂದು ಅಂದಾಜುಪಟ್ಟಿ: ಹಣಕ್ಕಿಂತ ಮೊದಲು ದಿನಾಂಕ
(ಗ್ರಾಮ ಪಂಚಾಯತ್ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಒಂದು ಚರಂಡಿ ನಿರ್ಮಿಸಬೇಕಾದರೂ ಪಂಚಾಯತ್‌ನಲ್ಲಿ ಮೊದಲು ಅಂದಾಜುಪಟ್ಟಿ ಸಿದ್ಧವಾಗುತ್ತದೆ. ಯಾವ ಕೆಲಸ ಯಾವಾಗ ಆರಂಭವಾಗಬೇಕು, ಹಣ ಎಲ್ಲಿಂದ ಬರಬೇಕು, ಮಳೆಗಾಲಕ್ಕೆ ಮುಂಚೆ ಯಾವುದು ಮುಗಿಯಬೇಕು ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ಮನೆಗೊಂದು ಮಗು ಬರುವಾಗ ಮಾತ್ರ ಇಂತಹ ಪಟ್ಟಿ ಬಹಳ ಕುಟುಂಬಗಳಲ್ಲಿ ಇರುವುದಿಲ್ಲ. ಎಂಟನೆಯ ತಿಂಗಳಲ್ಲಿ ಗಾಬರಿ ಆರಂಭವಾಗುತ್ತದೆ. ಒಂಬತ್ತನೆಯ ತಿಂಗಳಲ್ಲಿ ಚಿನ್ನ ಅಡವಿಗೆ ಹೋಗುತ್ತದೆ. ಹೀಗೆ ತಂದ ಸಾಲದ ಒಂದು ಭಾಗವು ಸರ್ಕಾರದಿಂದ ಉಚಿತವಾಗಿ ದೊರೆಯಬೇಕಾಗಿದ್ದ ಸೇವೆಗೇ ವ್ಯಯವಾಗುವುದು ವಿಷಾದದ ಸಂಗತಿ.

ಕಡಬ ತಾಲೂಕಿನ ಬಿಳಿನೆಲೆ ಗ್ರಾಮದ ನೆಟ್ಟಣವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣವಿರುವುದು ಇಲ್ಲಿಯೇ. ಕಿದುವಿನ ತೆಂಗು ಸಂಶೋಧನಾ ಕೇಂದ್ರವಿರುವುದೂ ಇಲ್ಲಿಯೇ. ಅಡಿಕೆ ತೋಟದ ಕೂಲಿ, ರಬ್ಬರ್ ಟ್ಯಾಪಿಂಗ್, ಮನೆಯಲ್ಲಿ ಕುಳಿತು ಬೀಡಿ ಕಟ್ಟುವುದು ಈ ಭಾಗದ ಅನೇಕ ಕುಟುಂಬಗಳ ಜೀವನಾಧಾರ. ಮಳೆ ಬಿರುಸಾದಾಗ ಟ್ಯಾಪಿಂಗ್ ನಿಲ್ಲುತ್ತದೆ, ತೋಟದ ಕೆಲಸ ಕಡಿಮೆಯಾಗುತ್ತದೆ, ಹಳ್ಳ ತುಂಬುತ್ತದೆ. ಹೆರಿಗೆಯ ದಿನ ಜುಲೈ ತಿಂಗಳಲ್ಲಿದ್ದರೆ ಆದಾಯ ತಗ್ಗುವ ಕಾಲ, ರಸ್ತೆ ಕೆಡುವ ಕಾಲ ಹಾಗೂ ಖರ್ಚು ಏರುವ ಕಾಲ ಒಟ್ಟಿಗೇ ಬಂದೊದಗುತ್ತವೆ. ಆದುದರಿಂದ ಬಡ ಕುಟುಂಬದ ಸಿದ್ಧತೆಯಲ್ಲಿ ಹಣಕ್ಕಿಂತ ಮೊದಲು ಬರಬೇಕಾದುದು ದಿನಾಂಕ.

ಮೊದಲನೆಯ ದಿನಾಂಕ ನೋಂದಣಿಯದು. ಗರ್ಭ ನಿಂತದ್ದು ತಿಳಿದೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿ ತಾಯಿ ಕಾರ್ಡ್ ಪಡೆಯಬೇಕು. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಡಿ ಮೊದಲ ಮಗುವಿಗೆ ರೂ. 5,000 ಎರಡು ಕಂತುಗಳಲ್ಲಿ ದೊರೆಯುತ್ತದೆ. ಗರ್ಭಧಾರಣೆ ನೋಂದಾಯಿಸಿ, ಕೊನೆಯ ಮುಟ್ಟಿನ ದಿನದಿಂದ 6 ತಿಂಗಳೊಳಗೆ ಕನಿಷ್ಠ ಒಂದು ತಪಾಸಣೆಯಾಗಿದ್ದರೆ ರೂ. 3,000, ಜನನ ನೋಂದಣಿಯಾಗಿ ಮಗುವಿನ ಮೊದಲ ಸುತ್ತಿನ ಲಸಿಕೆ ಪೂರ್ಣಗೊಂಡ ಬಳಿಕ ರೂ. 2,000. ಎರಡನೆಯ ಮಗು ಹೆಣ್ಣಾದರೆ ಒಂದೇ ಕಂತಿನಲ್ಲಿ ರೂ. 6,000 ಲಭ್ಯ. ಬಡತನ ರೇಖೆಗಿಂತ ಕೆಳಗಿನ ಪಡಿತರ ಚೀಟಿ, ಇ-ಶ್ರಮ್ ಕಾರ್ಡ್, ಪರಿಶಿಷ್ಟ ಜಾತಿ ಅಥವಾ ಪಂಗಡದ ಪ್ರಮಾಣಪತ್ರ ಮುಂತಾದವುಗಳಲ್ಲಿ ಒಂದಿದ್ದರೂ ಅರ್ಹತೆಗೆ ಸಾಕು. ಅರ್ಜಿ ಸ್ವೀಕರಿಸುವವರು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರು.

ಹಣ ನೇರವಾಗಿ ತಾಯಿಯ ಖಾತೆಗೆ ಜಮೆಯಾಗುವುದರಿಂದ ಆಕೆಯ ಹೆಸರಿನಲ್ಲಿಯೇ ಆಧಾರ್ ಜೋಡಣೆಯಾದ ಖಾತೆ ಇರಬೇಕು. ಮದುವೆಯ ನಂತರ ಒಂದು ದಾಖಲೆಯಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಇದ್ದರೆ ತಿದ್ದುಪಡಿಗೆ ವಾರಗಳೇ ಬೇಕಾಗುತ್ತವೆ. ಮೂರನೆಯ ತಿಂಗಳಲ್ಲಿ ಕಂಡ ತಪ್ಪನ್ನು ಸಾವಕಾಶವಾಗಿ ಸರಿಪಡಿಸಬಹುದು. ಒಂಬತ್ತನೆಯ ತಿಂಗಳಲ್ಲಿ ಕಂಡ ತಪ್ಪು ಸಾಲಕ್ಕೆ ದಾರಿಯಾಗುತ್ತದೆ.

ಎರಡನೆಯ ದಿನಾಂಕ ತವರಿಗೆ ಹೋಗುವ ದಿನ. ಸೀಮಂತ ಮುಗಿಸಿ ಮಗಳು ತವರುಮನೆ ಸೇರುವುದು ನಮ್ಮ ಕಡೆಯ ರೂಢಿ. ಆಕೆ ಹೊರಟಾಗ ಆಕೆಯ ಕಡತ ಗಂಡನ ಮನೆಯ ಊರಿನಲ್ಲಿಯೇ ಉಳಿದುಬಿಡುತ್ತದೆ. ಇಲ್ಲಿಯ ಅಂಗನವಾಡಿ ಆಕೆ ಅಲ್ಲಿದ್ದಾಳೆಂದು ತಿಳಿಯುತ್ತದೆ. ಅಲ್ಲಿಯ ಅಂಗನವಾಡಿಗೆ ಆಕೆ ಬಂದ ಸುದ್ದಿಯೇ ಇರುವುದಿಲ್ಲ. ತಾಯಿ ಕಾರ್ಡ್, ಆಧಾರ್, ಪಡಿತರ ಚೀಟಿಯ ಪ್ರತಿ, ಬ್ಯಾಂಕ್ ಪುಸ್ತಕ ಇವು ನಾಲ್ಕೂ ಬಳೆ-ಸೀರೆಗಳೊಡನೆ ಒಂದೇ ಚೀಲದಲ್ಲಿ ಹೋಗಬೇಕು. ಎರಡೂ ಊರಿನ ಆಶಾ ಕಾರ್ಯಕರ್ತೆಯರು ಪರಸ್ಪರ ಒಂದು ಕರೆ ಮಾಡಿಕೊಂಡರೆ ಈ ತೊಡಕು ಇಲ್ಲವಾಗುತ್ತದೆ.

ಮೂರನೆಯದು ಹೆರಿಗೆಯ ದಿನ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ, ಶಸ್ತ್ರಚಿಕಿತ್ಸೆಯ ಹೆರಿಗೆ, ಔಷಧಿ, ಪರೀಕ್ಷೆ, ಅಗತ್ಯ ಬಿದ್ದಾಗ ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಶಸ್ತ್ರಚಿಕಿತ್ಸೆಯಾದರೆ 7 ದಿನ ತಾಯಿಗೆ ಊಟ ಒದಗಿಸಬೇಕೆಂಬುದು ನಿಯಮ. ಅರ್ಹ ಗ್ರಾಮೀಣ ತಾಯಂದಿರಿಗೆ ಜನನಿ ಸುರಕ್ಷಾ ಯೋಜನೆಯಿಂದ ರೂ. 700 ಪ್ರತ್ಯೇಕವಾಗಿ ದೊರೆಯುತ್ತದೆ. ಹಾಗಾದರೆ ಕುಟುಂಬಕ್ಕೆ ಬರುವ ಖರ್ಚು ಯಾವುದು? ಜೊತೆಗಿರುವವರ ಊಟ, ಅವರ ಬಸ್ ಛಾರ್ಜು, ಗಂಡನ ಕಳೆದುಹೋದ ಕೂಲಿ. ಕಡಬದಿಂದ ಪುತ್ತೂರಿಗೆ, ಪುತ್ತೂರಿನಿಂದ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಗೆ ಕಳುಹಿಸಬೇಕಾಗಿ ಬಂದರೆ ಈ ಮೊತ್ತ ಏರುತ್ತದೆ. ಉಳಿತಾಯವೆಂದು ಕೂಡಿಡಬೇಕಾದುದು ಇದಕ್ಕೇ. ಕೆಲಸ ಹೆಚ್ಚಿರುವ ಬೇಸಗೆಯ ತಿಂಗಳುಗಳಲ್ಲಿ ಒಂದು ವಾರಕ್ಕೆ ಒಂದು ದಿನದ ಕೂಲಿಯ ಅರ್ಧವನ್ನು ಸ್ವಸಹಾಯ ಸಂಘದಲ್ಲಿ ಈ ಉದ್ದೇಶಕ್ಕೆಂದೇ ತೆಗೆದಿರಿಸಿದರೂ ಅಡವಿನ ಅಂಗಡಿಯ ಮೆಟ್ಟಿಲು ತಪ್ಪೀತು.

ನಾಲ್ಕನೆಯದು ಹುಟ್ಟಿದ ಮೇಲಿನ 21 ದಿನ. 1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದಂತೆ ಈ ಅವಧಿಯೊಳಗೆ ನೋಂದಣಿಗೆ ಶುಲ್ಕವಿಲ್ಲ. ಒಂದು ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನ ಹಾಗೂ ಆನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶದಿಂದ ಮೊದಲ್ಗೊಂಡು ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಹೆಸರಿಡುವ ಶಾಸ್ತ್ರ ಮುಗಿಯಲಿ ಎಂದು ಕಾಯುವ ಅಗತ್ಯವಿಲ್ಲ. ಹೆಸರನ್ನು ಬಳಿಕ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ.

ಇನ್ನು ಮನೆಯೊಳಗಿನ ಸಿದ್ಧತೆ. ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಸೀರೆಗಿಂತ ಮೆತ್ತನೆಯ ಬಟ್ಟೆ ಅಂಗಡಿಯಲ್ಲಿ ಸಿಗದು. ತೊಟ್ಟಿಲನ್ನು ನೆಂಟರಿಷ್ಟರ ಮನೆಯಿಂದ ತರಬಹುದು. ಕೊಳ್ಳಲೇಬೇಕಾದುದು ಒಂದು ಒಳ್ಳೆಯ ಸೊಳ್ಳೆಪರದೆ ಮತ್ತು ತಾಯಿಗೆ ಬೇಕಾಗುವ ಶುಚಿತ್ವದ ಸಾಮಗ್ರಿ. ಹಾಲಿನ ಪುಡಿಯ ಡಬ್ಬಿ ಮತ್ತು ಬಾಟಲಿ ಪಟ್ಟಿಯಲ್ಲಿ ಇರಬೇಕಾಗಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಮೊದಲ 6 ತಿಂಗಳು ಎದೆಹಾಲು ಮಾತ್ರ ಎಂಬುದು ವೈದ್ಯಶಾಸ್ತ್ರದ ಸಲಹೆ. ಜೇನು ನೆಕ್ಕಿಸುವುದು ಎಳೆಯ ಮಗುವಿಗೆ ಅಪಾಯಕಾರಿ.

ಮಿತವ್ಯಯವು ತಾಯಿಯ ತಟ್ಟೆಯಿಂದ ಆರಂಭವಾಗಬಾರದು. ಸಂಪ್ರದಾಯದ ಊಟೋಪಚಾರಕ್ಕೆ ನೂರು ಮಂದಿಯನ್ನು ಕರೆದು, ಮರುದಿನದಿಂದ ಗರ್ಭಿಣಿಗೆ ಗಂಜಿ-ಉಪ್ಪಿನಕಾಯಿ ಬಡಿಸುವುದು ಉಳಿತಾಯವಲ್ಲ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ನೀಡುವ ಉದ್ದೇಶದ್ದು. ಆದರೆ ನಮ್ಮ ಗುಡ್ಡಗಾಡಿನ ಮನೆಗಳು ಒಂದೆಡೆ ಗುಂಪಾಗಿಲ್ಲ. ತುಂಬು ಗರ್ಭಿಣಿ ಗುಡ್ಡ ಇಳಿದು, ತೋಡು ದಾಟಿ, ಉಂಡು ಮತ್ತೆ ಗುಡ್ಡ ಏರಬೇಕಾದರೆ ಊಟದ ಬಲ ನಡಿಗೆಯಲ್ಲಿಯೇ ಕರಗುತ್ತದೆ. ಈ ತೊಂದರೆ ಯಾವ ಮನೆಗಳಿಗಿದೆ ಎಂಬುದು ವಾರ್ಡಿನ ಸದಸ್ಯರಿಗೆ ತಿಳಿದಿರುವಷ್ಟು ಮೇಲಿನ ಯಾವ ಕಚೇರಿಗೂ ತಿಳಿದಿರದು. ಅದನ್ನು ಬಾಲವಿಕಾಸ ಸಮಿತಿಯ ಸಭೆಯಲ್ಲಿ ಲಿಖಿತವಾಗಿ ದಾಖಲಿಸುವುದು ಸದಸ್ಯರ ಕರ್ತವ್ಯ.

ಮನೆಯ ಹಿರಿಯರೊಡನೆ ಆಡಬೇಕಾದ ಮಾತೂ ಒಂದಿದೆ. ಗೃಹಲಕ್ಷ್ಮಿಯ ತಿಂಗಳ ರೂ. 2,000 ಪಡಿತರ ಚೀಟಿಯ ಯಜಮಾನಿಗೆ, ಎಂದರೆ ಬಹುಪಾಲು ಅತ್ತೆಯ ಖಾತೆಗೆ, ಸೇರುತ್ತದೆ. ಅದರಲ್ಲಿ ಮೊಟ್ಟೆ, ಬೇಳೆ, ಸೊಪ್ಪು, ಹಾಲಿಗೆಂದು ಒಂದು ಪಾಲು ಸೊಸೆಯ ಹೆಸರಿನಲ್ಲಿ ತೆಗೆದಿಡಲು ಮಹಿಳಾ ಸದಸ್ಯೆಯರು ಹೇಳಿದರೆ ಆ ಮಾತಿಗೆ ತೂಕವಿರುತ್ತದೆ. ತಪಾಸಣೆಗೆ ಹೋಗಲು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆಯೂ ನಡೆಯುತ್ತದೆ.

ಪಂಚಾಯತ್ ಮಟ್ಟದಲ್ಲಿ ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು ಇವು:

1. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಆಶಾ ಕಾರ್ಯಕರ್ತೆಯರೊಡನೆ ಕುಳಿತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆರಿಗೆ ನಿರೀಕ್ಷೆಯಿರುವ ಮನೆಗಳೆಷ್ಟು ಎಂದು ತಿಳಿಯುವುದು. ಆ ಮನೆಗಳ ದಾರಿ, ಕಾಲುಸಂಕ, ಬೀದಿದೀಪಗಳ ದುರಸ್ತಿಗೆ ಮಳೆಗೆ ಮುನ್ನ ಆದ್ಯತೆ ನೀಡುವುದು. ಹೆಸರುಗಳನ್ನು ಗೋಪ್ಯವಾಗಿಡುವುದು.

2. 108 ವಾಹನ ಮನೆಯಂಗಳಕ್ಕೆ ಬಾರದ ಕಡೆ ರಸ್ತೆಯವರೆಗೆ ತಲುಪಿಸುವ ಜೀಪು ಅಥವಾ ಆಟೋ ಚಾಲಕರನ್ನು ಮೊದಲೇ ಗೊತ್ತುಪಡಿಸುವುದು. ರಾತ್ರಿ ಕಾಡಾನೆಯ ಸಂಚಾರವಿರುವ ಕಡೆ ಹೆರಿಗೆ ದಿನಕ್ಕೆ ಮುಂಚಿತವಾಗಿ ಪೇಟೆಯ ಸಮೀಪದ ನೆಂಟರಲ್ಲಿ ಉಳಿಯಲು ಸಲಹೆ ನೀಡುವುದು.

3. ಕಟ್ಟಡ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತ ಮಹಿಳೆಗೆ ಮೊದಲ ಎರಡು ಹೆರಿಗೆಗೆ ತಾಯಿ ಲಕ್ಷ್ಮೀ ಬಾಂಡ್ ರೂಪದಲ್ಲಿ ರೂ. 50,000 ಸಹಾಯಧನವಿದೆ. ನಿಜವಾಗಿ ಆ ಕೆಲಸ ಮಾಡುವ ಮಹಿಳೆಯರು ನೋಂದಣಿಯಿಂದ ಹೊರಗುಳಿಯದಂತೆ ನೋಡುವುದು.

4. ತಾಯಿ ಕೆಲಸಕ್ಕೆ ಮರಳುವ ದಿನವನ್ನೂ ಎಣಿಸುವುದು. ಮೂರು ವರ್ಷದೊಳಗಿನ ಮಕ್ಕಳ ಕೂಸಿನ ಮನೆ ಪಂಚಾಯತ್‌ನಲ್ಲಿದ್ದರೆ ಅದು ಬಾಗಿಲು ತೆರೆದಿದೆಯೇ, ತೋಟಕ್ಕೆ ಹೋಗುವ ತಾಯಂದಿರ ಸಮಯಕ್ಕೆ ಹೊಂದುತ್ತಿದೆಯೇ ಎಂದು ಪರಿಶೀಲಿಸುವುದು.

ಮೊದಲ ಮಗುವಿಗೆ ಅರ್ಹ ತಾಯಿಯೊಬ್ಬಳಿಗೆ ನಗದಾಗಿ ಬರುವ ರೂ. 5,000 ಮತ್ತು ರೂ. 700 ಸೇರಿ ರೂ. 5,700 ದೊಡ್ಡ ಮೊತ್ತವೇನೂ ಅಲ್ಲ. ಆದರೆ ಅದರಲ್ಲಿ ರೂ. 3,000 ಐದನೆಯ ತಿಂಗಳಲ್ಲಿ ಕೈಸೇರಿದರೆ ಅದು ತಾಯಿಯ ಆಹಾರವಾಗುತ್ತದೆ. ಹೆರಿಗೆಯಾಗಿ ಆರು ತಿಂಗಳ ಮೇಲೆ ಬಂದರೆ ಬಡ್ಡಿಗೆ ಸಲ್ಲುತ್ತದೆ. ಹಣ ಅದೇ, ಲೆಕ್ಕ ಬೇರೆ. ಈ ವ್ಯತ್ಯಾಸಕ್ಕೆ ಕಾರಣವಾಗುವುದು ಸಕಾಲದಲ್ಲಿ ಯಾರೋ ಒಬ್ಬರು ಆ ಮನೆಯ ಬಾಗಿಲಲ್ಲಿ ನಿಂತು, “ತಾಯಿ ಕಾರ್ಡ್ ಆಗಿದೆಯಾ ಅಕ್ಕಾ?” ಎಂದು ಕೇಳಿದ ಒಂದು ಪ್ರಶ್ನೆ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ಈ ಪ್ರಶ್ನೆಯನ್ನು ಕೇಳಿ ಬರಬೇಕೆಂದು ವಿನಂತಿ.